ಸಫೋಕ್‌ನ ಹಳ್ಳಿ ಚರ್ಚುಗಳನ್ನೂ ಬೀದಿಗಳನ್ನೂ ಕೂಡಿಸಿ ಓದುವ ಬಗೆ

ಇಂಗ್ಲೆಂಡಿನ ಪೂರ್ವ ಕರಾವಳಿಯ ಸಫೋಕ್ ಕೌಂಟಿಗೆ ಮೊದಲ ಸಲ ಹೋದಾಗ ನಾನು ಒಂದೇ ದಿನದಲ್ಲಿ ಒಂಬತ್ತು ಚರ್ಚುಗಳನ್ನು ನೋಡಿ ಮುಗಿಸಿದ್ದೆ. ರಾತ್ರಿ ತಂಗಿದ್ದ ಕೋಣೆಯಲ್ಲಿ ಕುಳಿತು ತೆಗೆದ ಚಿತ್ರಗಳನ್ನು ತಿರುವಿದರೆ, ಯಾವ ಗೋಪುರ ಯಾವ ಊರಿನದು, ರೆಕ್ಕೆ ಬಿಚ್ಚಿದ ದೇವದೂತರನ್ನು ಕಂಡದ್ದು ಯಾವ ಛಾವಣಿಯಲ್ಲಿ ಎಂಬುದನ್ನು ಹೇಳಲಾರದೆ ಹೋದೆ. ಎಲ್ಲವೂ ಒಂದರೊಳಗೊಂದು ಕಲಸಿಹೋಗಿದ್ದವು. ಅಂದಿನಿಂದ ನಾನು ಪಾಲಿಸಿಕೊಂಡು ಬಂದಿರುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ದಿನಕ್ಕೆ ಎರಡು ಊರು ಸಾಕು, ಹೆಚ್ಚೆಂದರೆ ಮೂರು. ಪ್ರತಿ ಊರಿನಲ್ಲಿಯೂ ಚರ್ಚನ್ನು ನೋಡಿ ಹೊರಟುಬಿಡದೆ ಅದರ ಎದುರಿನ ಬೀದಿಯನ್ನೂ ಅಷ್ಟೇ ಹೊತ್ತು ನೋಡಬೇಕು. ಕಣ್ಣಿಗೆ ಬಿದ್ದ ಕಂಬ, ಕಮಾನು, ಕಿಟಕಿ ಯಾವುದೇ ಇರಲಿ, ಅದರ ಮುಂದೆ ನಿಂತು, ಇದಕ್ಕೆ ಹಣ ಕೊಟ್ಟವರು ಯಾರು ಎಂದು ಕೇಳಿಕೊಳ್ಳಬೇಕು. ಶೈಲಿಗಳ ಹೆಸರು, ದೊರೆಗಳ ಕಾಲಾನುಕ್ರಮ ಇವೆಲ್ಲ ಆಮೇಲೆ ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ.

ಈ ಪ್ರಶ್ನೆ ಸಫೋಕ್‌ನಲ್ಲಿ ವಿಶೇಷವಾಗಿ ಫಲ ಕೊಡುವುದಕ್ಕೆ ಕಾರಣವಿದೆ. 1086ರಲ್ಲಿ ದೊರೆ ಒಂದನೆಯ ವಿಲಿಯಂ ಬರೆಸಿದ ಡೂಮ್ಸ್‌ಡೇ ಲೆಕ್ಕಪುಸ್ತಕದಲ್ಲಿಯೇ ಈ ಕೌಂಟಿಯ 400ಕ್ಕೂ ಹೆಚ್ಚು ಚರ್ಚುಗಳು ದಾಖಲಾಗಿವೆ. ಇಂದಿಗೂ ಸುಮಾರು 500 ಮಧ್ಯಯುಗದ ಚರ್ಚುಗಳು ಇಲ್ಲಿವೆ. ಅವುಗಳಲ್ಲಿ ಅತಿ ಭವ್ಯವಾದವು ಈಗಿನ ರೂಪಕ್ಕೆ ಬಂದದ್ದು 15ನೇ ಶತಮಾನದಲ್ಲಿ ಮತ್ತು 16ನೇ ಶತಮಾನದ ಮೊದಲ ಕೆಲವು ದಶಕಗಳಲ್ಲಿ. ಕೌಂಟಿಯ ದಕ್ಷಿಣ ಭಾಗದಲ್ಲಿ ಸ್ಟೌರ್ ಮತ್ತು ಬ್ರೆಟ್ ನದಿಗಳ ಆಸುಪಾಸಿನ ಊರುಗಳು ಉಣ್ಣೆಬಟ್ಟೆ ನೇಯ್ದು ಹೊರದೇಶಗಳಿಗೆ ಮಾರಿ ಹಣ ಎಣಿಸುತ್ತಿದ್ದ ಕಾಲ ಅದು. ಲ್ಯಾವೆನಂ ಊರಿನ ನೀಲಿ ಬಟ್ಟೆಗೆ ಎಷ್ಟು ಗಿರಾಕಿಯಿತ್ತೆಂದರೆ, 1524ರ ತೆರಿಗೆ ಲೆಕ್ಕದಲ್ಲಿ ಈ ಪುಟ್ಟ ಊರು ಇಂಗ್ಲೆಂಡಿನ ಅತಿ ಶ್ರೀಮಂತವಾದ 20 ಊರುಗಳ ಸಾಲಿನಲ್ಲಿ ನಿಂತಿತ್ತು. ಆಮೇಲೆ ಇಳಿಗಾಲ ಬಂತು. ನೆದರ್‌ಲ್ಯಾಂಡ್ಸ್ ಕಡೆಯಿಂದ ವಲಸೆ ಬಂದವರು ಕೋಲ್‌ಚೆಸ್ಟರ್‌ನಂತಹ ಊರುಗಳಲ್ಲಿ ಹಗುರವಾದ, ಅಗ್ಗವಾದ ಬಟ್ಟೆ ನೇಯತೊಡಗಿದ ಮೇಲೆ ಹಳೆಯ ದಪ್ಪ ಬಟ್ಟೆಯನ್ನು ಕೇಳುವವರು ಕಡಿಮೆಯಾದರು. ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟಿಸುವಷ್ಟು ಹಣ ಅನೇಕರ ಕೈಯಲ್ಲಿ ಉಳಿಯಲಿಲ್ಲ. ಲ್ಯಾವೆನಂನಲ್ಲಿ ಇಂದು ಕಾನೂನಿನ ರಕ್ಷಣೆ ಪಡೆದ 300ಕ್ಕೂ ಹೆಚ್ಚು ಕಟ್ಟಡಗಳು ಇರುವುದರ ಹಿಂದೆ ಆ ಇಲ್ಲದಿರುವಿಕೆಯ ಪಾಲು ದೊಡ್ಡದು.

ಹೊರಡುವ ಮುನ್ನ

ಆರ್ಡ್‌ನೆನ್ಸ್ ಸರ್ವೆ ಸಂಸ್ಥೆಯ ನಕಾಶೆಯೊಂದು ಕೈಯಲ್ಲಿರಲಿ. 1:25,000 ಅಳತೆಯ ಎಕ್ಸ್‌ಪ್ಲೋರರ್ ನಕಾಶೆಯಲ್ಲಿ ಕಾಲುದಾರಿಗಳು ಕೂಡ ಕಾಣುತ್ತವೆ. ಅದರಲ್ಲಿ ಕಪ್ಪು ಚೌಕದ ಮೇಲೆ ಶಿಲುಬೆ ಇದ್ದರೆ ಗೋಪುರವಿರುವ ಚರ್ಚು, ಕಪ್ಪು ವೃತ್ತದ ಮೇಲೆ ಶಿಲುಬೆ ಇದ್ದರೆ ಚೂಪು ಶಿಖರವಿರುವ ಚರ್ಚು, ಬರಿ ಶಿಲುಬೆ ಇದ್ದರೆ ಇವೆರಡೂ ಇಲ್ಲದ್ದು ಎಂದು ತಿಳಿಯಬೇಕು. ಮೊಬೈಲಿನ ನಕಾಶೆ ಊರಿಗೆ ಕರೆದೊಯ್ಯುತ್ತದೆ ನಿಜ. ಆದರೆ ಚರ್ಚು ಊರಿನ ನಡುವೆ ಇದೆಯೋ, ಊರಿನಿಂದ ಮೈಲು ದೂರದ ಹೊಲದಲ್ಲಿ ಒಂಟಿಯಾಗಿ ನಿಂತಿದೆಯೋ ಎಂಬುದು ಕಾಗದದ ನಕಾಶೆಯಲ್ಲಿ ಒಂದೇ ನೋಟಕ್ಕೆ ಕಾಣುತ್ತದೆ, ಮತ್ತು ಆ ವ್ಯತ್ಯಾಸವೇ ಊರಿನ ಕಥೆಯ ಮೊದಲ ಸುಳಿವಾಗಿರುತ್ತದೆ.

ದುರ್ಬೀನು ಒಂದನ್ನು ಮರೆಯದೆ ಒಯ್ಯಿರಿ. ಸಫೋಕ್‌ನ ಚರ್ಚುಗಳಲ್ಲಿ ನೋಡಬೇಕಾದದ್ದರಲ್ಲಿ ಅರ್ಧದಷ್ಟು ನೆಲದಿಂದ ಮೂವತ್ತು ನಲವತ್ತು ಅಡಿ ಮೇಲಿರುತ್ತದೆ. ಸಣ್ಣ ಟಾರ್ಚು ಕೂಡ ಬೇಕು. ಅದರ ಉಪಯೋಗವನ್ನು ಮುಂದೆ ಹೇಳುತ್ತೇನೆ. ಬೇಸಿಗೆಯಲ್ಲಿಯೂ ಒಂದು ಬೆಚ್ಚನೆಯ ಮೇಲಂಗಿ ಇರಲಿ, ಏಕೆಂದರೆ ದಪ್ಪ ಗೋಡೆಗಳ ಒಳಗೆ ಜೂನ್ ತಿಂಗಳಲ್ಲಿಯೂ ತಣ್ಣಗಿರುತ್ತದೆ. ನನ್ನನ್ನು ಕೇಳಿದರೆ ಇದಕ್ಕೆಲ್ಲ ಒಳ್ಳೆಯ ಕಾಲ ಏಪ್ರಿಲ್ ಅಥವಾ ಅಕ್ಟೋಬರ್: ಆಗ ಸೂರ್ಯ ತಗ್ಗಿನಲ್ಲಿರುವುದರಿಂದ ದಕ್ಷಿಣದ ಕಿಟಕಿಗಳ ಬೆಳಕು ಒಳಗೆ ದೂರದವರೆಗೆ ಚಾಚುತ್ತದೆ, ಹೊರಗೋಡೆಯ ಕೆತ್ತನೆಗಳಿಗೂ ನೆರಳು ಬಿದ್ದು ಅವು ಎದ್ದು ಕಾಣುತ್ತವೆ.

ಹೆಚ್ಚಿನ ಚರ್ಚುಗಳು ಹಗಲಿನಲ್ಲಿ ತೆರೆದಿರುತ್ತವೆ, ಪ್ರವೇಶಕ್ಕೆ ಶುಲ್ಕವಿಲ್ಲ. ಬೀಗ ಹಾಕಿದ್ದರೆ ನಿರಾಶರಾಗಿ ಹಿಂತಿರುಗಬೇಡಿ. ಪ್ರವೇಶಮಂಟಪದ ಸೂಚನಾಫಲಕದಲ್ಲಿ ಬೀಗದ ಕೈ ಯಾರ ಬಳಿಯಿದೆ ಎಂದು ಬರೆದಿರುವುದುಂಟು. ಭಾನುವಾರ ಬೆಳಗಿನ ಹೊತ್ತನ್ನು ಪೂಜೆಗೆ ಬಿಡಬೇಕು. ಈಗ ಒಬ್ಬರೇ ಪಾದ್ರಿ ಸುತ್ತಲಿನ ಹಲವು ಹಳ್ಳಿಗಳನ್ನು ನೋಡಿಕೊಳ್ಳುವುದರಿಂದ ಪ್ರಾರ್ಥನೆ ಈ ವಾರ ಒಂದು ಊರಿನಲ್ಲಿ, ಮುಂದಿನ ವಾರ ಇನ್ನೊಂದರಲ್ಲಿ ನಡೆಯುತ್ತದೆ; ಸಮಯವನ್ನು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಕಾರಿಲ್ಲದವರು ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಿಂದ ಹೊರಟು ಮಾರ್ಕ್ಸ್ ಟೇ ಎಂಬಲ್ಲಿ ರೈಲು ಬದಲಿಸಿ ಸಡ್‌ಬರಿಗೆ ಬರಬಹುದು. ಅಲ್ಲಿಂದ ಲಾಂಗ್ ಮೆಲ್ಫರ್ಡ್ ಮತ್ತು ಲ್ಯಾವೆನಂಗೆ ಬಸ್ಸುಗಳಿವೆ. ಕಾರು ಇರುವವರು ಬೇಲಿಗಳ ನಡುವಿನ ಒಂದೇ ಗಾಡಿ ಹಿಡಿಯುವ ಓಣಿಗಳಲ್ಲಿ ಅವಸರ ಮಾಡಬಾರದು. ಇಷ್ಟು ಸಿದ್ಧತೆ ಸಾಕು.

ಮೊದಲು ಹೊರಗಿನ ಒಂದು ಸುತ್ತು

ಬಾಗಿಲು ಕಂಡೊಡನೆ ಒಳಗೆ ನುಗ್ಗುವ ಆಸೆಯನ್ನು ಹತ್ತಿಕ್ಕಿ, ಚರ್ಚನ್ನು ಹೊರಗಿನಿಂದ ಪೂರ್ತಿಯಾಗಿ ಒಂದು ಸುತ್ತು ಹಾಕಿರಿ. ದಿಕ್ಕುಗಳು ಇಲ್ಲಿ ಗೊತ್ತಾದ ಕ್ರಮದಲ್ಲಿವೆ: ಬಲಿಪೀಠ ಪೂರ್ವದ ತುದಿಯಲ್ಲಿ, ಗೋಪುರ ಸಾಮಾನ್ಯವಾಗಿ ಪಶ್ಚಿಮದಲ್ಲಿ, ಪ್ರವೇಶಮಂಟಪ ಹೆಚ್ಚಾಗಿ ದಕ್ಷಿಣದಲ್ಲಿ. ಜನ ಕೂರುವ ದೊಡ್ಡ ಅಂಕಣಕ್ಕೆ ನೇವ್ ಎಂದೂ, ಪೂರ್ವದಲ್ಲಿ ಬಲಿಪೀಠವಿರುವ ಭಾಗಕ್ಕೆ ಚಾನ್ಸೆಲ್ ಎಂದೂ ಹೆಸರು. ಈ ಎರಡು ಮಾತು ಗೊತ್ತಿದ್ದರೆ ಹೊರಗಿನ ಸುತ್ತಿಗೆ ತೊಂದರೆಯಿಲ್ಲ. ಹಿಂದಿನ ಕಾಲದಲ್ಲಿ ಚಾನ್ಸೆಲಿನ ದುರಸ್ತಿ ಪಾದ್ರಿಯ ಹೊಣೆ, ನೇವಿನ ದುರಸ್ತಿ ಊರವರ ಹೊಣೆ ಎಂಬ ಏರ್ಪಾಡಿತ್ತು. ಆದ್ದರಿಂದಲೇ ಊರಿಗೆ ಹಣ ಬಂದಾಗ ನೇವ್ ಎತ್ತರಕ್ಕೆ ಬೆಳೆದು ಚಾನ್ಸೆಲ್ ಹಳೆಯ ಅಳತೆಯಲ್ಲಿಯೇ ತಗ್ಗಾಗಿ ಉಳಿದುಬಿಡುವುದುಂಟು. ಲ್ಯಾವೆನಂನಲ್ಲಿ ಇದನ್ನು ಉತ್ತರ ಅಥವಾ ದಕ್ಷಿಣದ ಬದಿಯಲ್ಲಿ ನಿಂತು ಸ್ಪಷ್ಟವಾಗಿ ಕಾಣಬಹುದು: ತಗ್ಗಿನ ಚಾನ್ಸೆಲ್ 14ನೇ ಶತಮಾನದ್ದು, ಅದರ ತಲೆಯ ಮೇಲೆ ಏರಿ ನಿಂತಿರುವ ನೇವ್ ಬಟ್ಟೆ ವ್ಯಾಪಾರದ ಸುಗ್ಗಿಯ ಕಾಲದ್ದು.

ಮುಂದೆ ಗೋಡೆಯನ್ನು ಹತ್ತಿರದಿಂದ ನೋಡಬೇಕು. ಸಫೋಕ್‌ನಲ್ಲಿ ಕಟ್ಟಡಕ್ಕೆ ತಕ್ಕ ಒಳ್ಳೆಯ ಕಲ್ಲು ಇಲ್ಲ. ಇರುವುದು ಹೊಲದಲ್ಲಿ, ಕಡಲ ದಂಡೆಯಲ್ಲಿ ಸಿಗುವ ಗಂಟುಗಂಟಾದ ಚಕಮಕಿ ಕಲ್ಲು. ಮೂಲೆ ಕಟ್ಟಲು, ಕಿಟಕಿ ಕೆತ್ತಲು ಬೇಕಾದ ಸುಣ್ಣಕಲ್ಲನ್ನು ಹೊರಗಿನಿಂದ ದೋಣಿಗಳಲ್ಲಿ ತರಿಸಬೇಕಾಗಿತ್ತು. ಈ ಕೊರತೆಯಿಂದ ಎರಡು ಚೆಂದದ ಸಂಗತಿಗಳು ಹುಟ್ಟಿದವು. ಒಂದು, ಮೂಲೆಯೇ ಇಲ್ಲದ ದುಂಡು ಗೋಪುರಗಳು; ಸಫೋಕ್‌ನಲ್ಲಿ ಅಂಥವು 40ರ ಆಸುಪಾಸಿನಲ್ಲಿವೆ, ಲಿಟ್ಲ್ ಸ್ಯಾಕ್ಸಮ್ ಊರಿನ ನಾರ್ಮನ್ ಗೋಪುರ ಅವುಗಳಲ್ಲಿ ಸೊಗಸಾದದ್ದು. ಮೂಲೆಗಲ್ಲಿನ ಖರ್ಚು ಉಳಿಸಲೆಂದೇ ಹೀಗೆ ಕಟ್ಟಿದರು ಎಂಬುದು ಹಳೆಯ ವಿವರಣೆ. ಎಲ್ಲ ವಿದ್ವಾಂಸರೂ ಅದನ್ನು ಒಪ್ಪುವುದಿಲ್ಲ. ಇನ್ನೊಂದು, ಫ್ಲಶ್‌ವರ್ಕ್ ಎಂಬ ಕೆಲಸ. ಚಕಮಕಿ ಕಲ್ಲನ್ನು ಒಡೆದು, ಒಳಗಿನ ಕಪ್ಪು ಹೊಳಪಿನ ಮುಖವನ್ನು ಹೊರಮಾಡಿ, ಬಿಳಿಯ ಸುಣ್ಣಕಲ್ಲಿನ ಚೌಕಟ್ಟಿನೊಳಗೆ ಒಂದೇ ಮಟ್ಟದಲ್ಲಿ ಕೂರಿಸುವುದು ಅದರ ಕ್ರಮ. ಮಳೆ ಬಂದು ನಿಂತ ಮೇಲೆ ಇದನ್ನು ನೋಡಬೇಕು. ಒದ್ದೆಯಾದ ಕರಿಗಲ್ಲು ಗಾಜಿನಂತೆ ಮಿನುಗುತ್ತದೆ.

ಈಗ ಹಣ ಕೊಟ್ಟವರನ್ನು ಹುಡುಕೋಣ. ಲ್ಯಾವೆನಂನ ಸಂತ ಪೀಟರ್ ಮತ್ತು ಸಂತ ಪಾಲ್ ಚರ್ಚಿನ ಗೋಪುರ 141 ಅಡಿ ಎತ್ತರವಿದೆ. ಬಂದವರೆಲ್ಲ ಕತ್ತು ಹಿಂದಕ್ಕೆ ಬಾಗಿಸಿ ಅದರ ತುದಿಯನ್ನು ನೋಡುತ್ತಾರೆ. ನೀವು ಮಂಡಿಯೂರಿ ಅದರ ಬುಡವನ್ನು ನೋಡಿರಿ. ತಳದ ಕಲ್ಲುಪಟ್ಟಿಯಲ್ಲಿ ಸಂತ ಪೀಟರನ ಅಡ್ಡಹಾಕಿದ ಬೀಗದ ಕೈಗಳು, ಸಂತ ಪಾಲನ ಅಡ್ಡಹಾಕಿದ ಕತ್ತಿಗಳು ಇವೆ. ಅವುಗಳ ಜೊತೆಯಲ್ಲಿ ಆಕ್ಸ್‌ಫರ್ಡಿನ ಅರ್ಲ್‌ಗಳಾದ ಡಿ ವಿಯರ್ ಮನೆತನದ ನಕ್ಷತ್ರವಿದೆ. ಮತ್ತು ಅವೆಲ್ಲಕ್ಕೂ ಸಮನಾಗಿ ಬಟ್ಟೆ ವ್ಯಾಪಾರಿ ಸ್ಪ್ರಿಂಗ್ ಮನೆತನದ ವ್ಯಾಪಾರ ಮುದ್ರೆಯಿದೆ. ಈ ಮುದ್ರೆ ಬಟ್ಟೆಯ ಹೊರೆಗಳ ಮೇಲೆ ಒತ್ತುತ್ತಿದ್ದ ಗುರುತು, ಗೆರೆಗಳನ್ನು ಕೂಡಿಸಿದ ಒಂದು ಸರಳ ಚಿಹ್ನೆ. ಬಾಸ್‌ವರ್ತ್ ಕದನದಲ್ಲಿ 1485ರಲ್ಲಿ ಹೆನ್ರಿ ಟ್ಯೂಡರ್‌ನ ಸೇನೆಯ ಮುಂದೆ ನಿಂತಿದ್ದ 13ನೆಯ ಅರ್ಲ್ ಜಾನ್ ಡಿ ವಿಯರ್ ಈ ಹಳ್ಳಿಯ ಒಡೆಯ. 1523ರಲ್ಲಿ ತೀರಿಕೊಂಡ ಮೂರನೆಯ ಥಾಮಸ್ ಸ್ಪ್ರಿಂಗ್ ಅದೇ ಹಳ್ಳಿಯಲ್ಲಿ ಬಟ್ಟೆ ನೇಯಿಸಿ ಮಾರಿ ಮೇಲೆ ಬಂದವನು, ಗೋಪುರದ ಕೆಲಸಕ್ಕೆ ಉಯಿಲಿನಲ್ಲಿಯೂ ಹಣ ಬಿಟ್ಟವನು. ಒಡೆಯನ ನಕ್ಷತ್ರ ಮತ್ತು ವ್ಯಾಪಾರಿಯ ಮುದ್ರೆ ಒಂದೇ ಕಲ್ಲುಪಟ್ಟಿಯಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಂತದ್ದನ್ನು ಕಂಡ ಮೇಲೆ ಗೋಪುರದ ಎತ್ತರಕ್ಕೆ ಬೇರೆಯೇ ಅರ್ಥ ಬರುತ್ತದೆ. ದಕ್ಷಿಣದ ಪ್ರವೇಶಮಂಟಪದ ಕಮಾನಿನ ಎರಡು ಬದಿಯಲ್ಲಿ ಕಾಡುಹಂದಿಗಳಿವೆ, ಅವೂ ಡಿ ವಿಯರ್ ಮನೆತನದ ಲಾಂಛನ. ಹಂದಿಗೆ ಲ್ಯಾಟಿನ್ ಭಾಷೆಯಲ್ಲಿ ವೆರ್ರೆಸ್ ಎನ್ನುತ್ತಾರಾದ್ದರಿಂದ ಅದು ಮನೆತನದ ಹೆಸರಿನ ಮೇಲೆ ಮಾಡಿದ ಶ್ಲೇಷೆ.

ಲಾಂಗ್ ಮೆಲ್ಫರ್ಡ್‌ನಲ್ಲಿ ಇಷ್ಟು ಬಗ್ಗುವ ಅಗತ್ಯವೂ ಇಲ್ಲ. ಅಲ್ಲಿ ದಾನಿಗಳು ತಮ್ಮ ಹೆಸರನ್ನು ಗೋಡೆಯ ಮೇಲೆಯೇ ಬರೆಸಿದ್ದಾರೆ. ಹೋಲಿ ಟ್ರಿನಿಟಿ ಚರ್ಚಿನ ಮೇಲ್ಭಾಗದ ಕಿಟಕಿಸಾಲಿನ ಉದ್ದಕ್ಕೂ ಫ್ಲಶ್‌ವರ್ಕ್ ಅಕ್ಷರಗಳಲ್ಲಿ, ಇಂತಿಂಥವರ ಆತ್ಮಕ್ಕಾಗಿ ಪ್ರಾರ್ಥಿಸಿರಿ ಎಂಬ ಬೇಡಿಕೆ ಓಡುತ್ತದೆ. ದುರ್ಬೀನು ಹಿಡಿದು ಅಕ್ಷರ ಕೂಡಿಸಿ ಓದಲು ಅರ್ಧ ಗಂಟೆ ಬೇಕಾಗುತ್ತದೆ, ಆ ಅರ್ಧ ಗಂಟೆ ವ್ಯರ್ಥವಲ್ಲ. ಈ ಚರ್ಚನ್ನು ಮತ್ತೆ ಕಟ್ಟಿಸಿದವರಲ್ಲಿ ಮುಖ್ಯನಾದವನು ಜಾನ್ ಕ್ಲಾಪ್ಟನ್. 1462ರಲ್ಲಿ ದೊರೆ ನಾಲ್ಕನೆಯ ಎಡ್ವರ್ಡ್‌ನ ವಿರುದ್ಧದ ಸಂಚಿನ ಆರೋಪದಲ್ಲಿ ಅವನೂ ಸಿಕ್ಕಿಬಿದ್ದಿದ್ದ. ಅದೇ ಪ್ರಕರಣದಲ್ಲಿ ಲ್ಯಾವೆನಂನ ಜಾನ್ ಡಿ ವಿಯರ್‌ನ ತಂದೆಯ ತಲೆ ಉರುಳಿತು, ಕ್ಲಾಪ್ಟನ್ ಮಾತ್ರ ಉಳಿದುಕೊಂಡ. ಕೆಲವೇ ಮೈಲಿ ಅಂತರದ ಎರಡು ದೊಡ್ಡ ಚರ್ಚುಗಳ ಹಿಂದೆ ಒಂದೇ ದುರಂತದಿಂದ ಪಾರಾದ ಎರಡು ಮನೆಗಳಿವೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಎರಡನ್ನೂ ಒಂದೇ ದಿನ ನೋಡಿರಿ. ಮೆಲ್ಫರ್ಡ್‌ನ ಗೋಪುರವನ್ನು ಮಾತ್ರ ಆ ಲೆಕ್ಕಕ್ಕೆ ಸೇರಿಸಬೇಡಿ. ಹಳೆಯದು 18ನೇ ಶತಮಾನದ ಆರಂಭದಲ್ಲಿ ಸಿಡಿಲಿಗೆ ಹಾಳಾಯಿತು, ಈಗ ಕಾಣುವ ಹೊರರೂಪ ವಾಸ್ತುಶಿಲ್ಪಿ ಬಾಡ್ಲೆ ವಿನ್ಯಾಸಗೊಳಿಸಿ 1903ರಲ್ಲಿ ಮುಗಿದದ್ದು.

ಕಾಲವನ್ನು ಅಂದಾಜು ಮಾಡಲು ಕಿಟಕಿಯ ತಲೆಯನ್ನು ನೋಡುವುದು ಸುಲಭದ ದಾರಿ. ಅರ್ಧವೃತ್ತದ ಕಮಾನಾದರೆ ನಾರ್ಮನ್, ಅಂದರೆ 12ನೇ ಶತಮಾನ ಮುಗಿಯುವುದರೊಳಗಿನದು. ಈಟಿಯ ಮೊನೆಯಂತೆ ಕಿರಿದಾಗಿ ಚೂಪಾಗಿದ್ದರೆ 13ನೇ ಶತಮಾನದ್ದು. ಚೂಪು ಕಮಾನಿನೊಳಗೆ ಕಲ್ಲಿನ ಬಳ್ಳಿಗಳು ಬಳುಕಿ ಹೆಣೆದುಕೊಂಡಿದ್ದರೆ 14ನೇ ಶತಮಾನದ ಮೊದಲರ್ಧದ್ದು. ಕಲ್ಲಿನ ಸರಳುಗಳು ನೆಟ್ಟಗೆ ಮೇಲಿನವರೆಗೂ ಏರಿ, ಗೋಡೆಯೇ ಕಿಟಕಿಯಾಗಿಬಿಟ್ಟಿದೆ ಎನಿಸಿದರೆ ಅದು ಪರ್ಪೆಂಡಿಕ್ಯುಲರ್ ಎಂಬ, ಬಟ್ಟೆಯ ಹಣದ ಕಾಲದ ಶೈಲಿ. ಈ ವಿಭಾಗಗಳಿಗೆ ಹೆಸರಿಟ್ಟವನು 1817ರಲ್ಲಿ ಥಾಮಸ್ ರಿಕ್‌ಮನ್. ಒಂದು ಎಚ್ಚರಿಕೆ: 19ನೇ ಶತಮಾನದ ಜೀರ್ಣೋದ್ಧಾರದವರು ಹಳೆಯ ಶೈಲಿಯಲ್ಲಿಯೇ ಹೊಸ ಕಿಟಕಿ ಕೆತ್ತಿಸುತ್ತಿದ್ದರು. ಅಂಚುಗಳು ತೀರ ಚೂಪಾಗಿ, ಎಲ್ಲ ಕಿಟಕಿಗಳೂ ಅಚ್ಚೊತ್ತಿದಂತೆ ಒಂದೇ ಸಮ ಇದ್ದರೆ ಅನುಮಾನಿಸಿರಿ.

ಒಳಗೆ

ಬಾಗಿಲು ದಾಟಿದ ಮೇಲೆ ಎರಡು ನಿಮಿಷ ಸುಮ್ಮನೆ ಕುಳಿತುಕೊಳ್ಳಿರಿ. ಕಣ್ಣು ಮಬ್ಬಿಗೆ ಹೊಂದಿಕೊಳ್ಳಲಿ. ಬಳಿಕ ಪಶ್ಚಿಮದ ತುದಿಗೆ ಹೋಗಿ, ಅಲ್ಲಿಂದ ಪೂರ್ವಕ್ಕೆ ನಿಧಾನವಾಗಿ ಬನ್ನಿರಿ. ಮೊದಲು ಸಿಗುವುದು ದೀಕ್ಷಾಸ್ನಾನದ ಕಲ್ಲಿನ ತೊಟ್ಟಿ. ಈ ಭಾಗದಲ್ಲಿ ಅದು ಸಾಮಾನ್ಯವಾಗಿ ಎಂಟು ಮುಖದ್ದು. ಕಾಂಡದ ಸುತ್ತ ಸಿಂಹಗಳು ಕುಳಿತಿರುತ್ತವೆ, ಕೆಲವೆಡೆ ಮೈತುಂಬ ರೋಮವಿರುವ ಕಾಡುಮನುಷ್ಯನೊಬ್ಬ ದೊಣ್ಣೆ ಹಿಡಿದು ಅವುಗಳ ನಡುವೆ ನಿಂತಿರುತ್ತಾನೆ. ಮುಖಗಳ ಮೇಲಿನ ಕೆತ್ತನೆಗಳಿಗೆ ತಲೆಯಿದೆಯೇ ಎಂದು ನೋಡಿರಿ. ಬಹಳಷ್ಟು ಕಡೆ ಇರುವುದಿಲ್ಲ.

ಇಲ್ಲದಿರುವುದನ್ನು ನೋಡಲು ಕಲಿಯುವುದೇ ಇಂಗ್ಲಿಷ್ ಚರ್ಚಿನ ಒಳಗೆ ದೊಡ್ಡ ಪಾಠ. 1547ರಲ್ಲಿ ಪಟ್ಟಕ್ಕೆ ಬಂದ ಬಾಲಕ ದೊರೆ ಆರನೆಯ ಎಡ್ವರ್ಡ್‌ನ ಆಳ್ವಿಕೆಯಲ್ಲಿ ವಿಗ್ರಹಗಳನ್ನು ತೆಗೆಸಿ ಗೋಡೆಚಿತ್ರಗಳಿಗೆ ಸುಣ್ಣ ಬಳಿಸಲಾಯಿತು. ಸುಮಾರು ನೂರು ವರ್ಷದ ಮೇಲೆ, ಅಂತರ್ಯುದ್ಧದ ನಡುವೆ, ಸಫೋಕ್‌ನ ಲ್ಯಾಕ್ಸ್‌ಫೀಲ್ಡ್ ಊರಿನವನೇ ಆದ ವಿಲಿಯಂ ಡೌಸಿಂಗ್ ಎಂಬಾತ ಉಳಿದದ್ದನ್ನು ಒಡೆಯುವ ಅಧಿಕಾರಪತ್ರ ಹಿಡಿದು 1643 ಮತ್ತು 1644ರಲ್ಲಿ ಕೇಂಬ್ರಿಜ್‌ಶೈರ್ ಹಾಗೂ ಸಫೋಕ್‌ನ ಸುಮಾರು 250 ಚರ್ಚುಗಳನ್ನು ಸುತ್ತಿದ. ಎಲ್ಲಿ ಎಷ್ಟು ಚಿತ್ರ ಒಡೆಸಿದೆ ಎಂದು ದಿನಚರಿ ಬರೆದಿಟ್ಟ. ಒಬ್ಬ ಗುಮಾಸ್ತನ ಅಚ್ಚುಕಟ್ಟಿನಿಂದ ಬರೆದ ಆ ದಿನಚರಿ ಇಂದು ಒಡೆದುಹೋದದ್ದರ ಬಗ್ಗೆ ನಮಗಿರುವ ಅತ್ಯುತ್ತಮ ದಾಖಲೆಯಾಗಿರುವುದು ವಿಚಿತ್ರ. ಎಲ್ಲ ಊರೂ ಅವನಿಗೆ ತಲೆಬಾಗಲಿಲ್ಲ. ಅಫರ್ಡ್‌ನಲ್ಲಿ ಚರ್ಚಿನ ಮೇಲ್ವಿಚಾರಕರು ಅವನ ಜನರನ್ನು ಎರಡು ಗಂಟೆಗೂ ಹೆಚ್ಚು ಹೊತ್ತು ಬಾಗಿಲಾಚೆಯೇ ನಿಲ್ಲಿಸಿದರು; ಅಲ್ಲಿನ ದೀಕ್ಷಾತೊಟ್ಟಿಯ ಮೇಲಿನ 18 ಅಡಿ ಎತ್ತರದ ಮರದ ಮುಚ್ಚಳ, ತುದಿಯಲ್ಲಿ ಪೆಲಿಕನ್ ಹಕ್ಕಿಯ ಸಮೇತ, ಇಂದಿಗೂ ಉಳಿದಿದೆ.

ಇದನ್ನು ಅಭ್ಯಾಸ ಮಾಡಲು ವೆನ್‌ಹ್ಯಾಸ್ಟನ್ ಊರಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಅಲ್ಲಿ ಗೋಡೆಗೆ ಒರಗಿಸಿದಂತೆ ಮರದ ಹಲಗೆಗಳ ಮೇಲೆ ಬರೆದ ದೊಡ್ಡದೊಂದು ಚಿತ್ರವಿದೆ, 1500ರ ಆಸುಪಾಸಿನದು, ವಿಷಯ ಅಂತಿಮ ತೀರ್ಪಿನ ದಿನ. ಮೇಲೆ ಕ್ರಿಸ್ತ ಕಾಮನಬಿಲ್ಲಿನ ಮೇಲೆ ಕುಳಿತಿದ್ದಾನೆ, ಕೆಳಗೆ ಆತ್ಮಗಳನ್ನು ತೂಗುವ ಸಂತ ಮೈಕೆಲ್, ಬಲತುದಿಯಲ್ಲಿ ಪಾಪಿಗಳನ್ನು ನುಂಗುವ ನರಕದ ಬಾಯಿ. ಆದರೆ ನೀವು ನೋಡಬೇಕಾದದ್ದು ಚಿತ್ರದ ನಡುವಿನ ಖಾಲಿ ಜಾಗವನ್ನು. ದೊಡ್ಡ ಶಿಲುಬೆಯ ಆಕಾರದ ಒಂದು ಬರಿದು ಮರ, ಅದರ ಎರಡು ಪಕ್ಕದಲ್ಲಿ ನಿಂತ ಮನುಷ್ಯರ ಆಕಾರದ ಬರಿದು ಮರ. ಅಲ್ಲಿ ಶಿಲುಬೆಗೇರಿದ ಕ್ರಿಸ್ತ, ಮೇರಿ ಮತ್ತು ಜಾನ್‌ನ ಕೆತ್ತಿದ ಮೂರ್ತಿಗಳು ಇದ್ದವು. ಮೂರ್ತಿಗಳ ಹಿಂದೆ ಯಾರಿಗೂ ಕಾಣದಲ್ಲಿ ಬಣ್ಣ ಹಚ್ಚಿ ದಂಡ ಮಾಡುವುದೇಕೆಂದು ಚಿತ್ರಕಾರ ಅಷ್ಟು ಜಾಗ ಬಿಟ್ಟಿದ್ದ. ಮೂರ್ತಿಗಳು ಹೋದವು, ನೆರಳು ಮಾತ್ರ ಉಳಿಯಿತು. ಚಿತ್ರದ ಮೇಲೆ ಸುಣ್ಣ ಬಳಿದು ಮೂರು ಶತಮಾನ ಕಳೆದ ಮೇಲೆ, 1892ರ ದುರಸ್ತಿಯಲ್ಲಿ ಈ ಹಲಗೆಗಳನ್ನು ಕಿತ್ತು ಹೊರಗೆ ಸಮಾಧಿಗಳ ಅಂಗಳಕ್ಕೆ ಎಸೆದರು. ರಾತ್ರಿ ಮಳೆ ಬಂತು. ಬೆಳಿಗ್ಗೆ ಸುಣ್ಣ ತೊಳೆದುಹೋದ ಹಲಗೆಗಳಿಂದ ಮುಖಗಳು ಇಣುಕುತ್ತಿದ್ದವು.

ಅಲ್ಲಿಂದ ಎರಡು ಮೂರು ಮೈಲು ದೂರದಲ್ಲಿ ಜವುಗು ಬಯಲಿನ ಅಂಚಿಗೆ ಬ್ಲೈಬ್ರಾ ಊರಿದೆ. ಬರೆಯುವಾಗ ಅದರ ಹೆಸರಿನಲ್ಲಿ ಇನ್ನೂ ನಾಲ್ಕಾರು ಅಕ್ಷರಗಳಿವೆ, ಆದರೆ ಊರವರು ಕರೆಯುವುದು ಹೀಗೆಯೇ. ಅದರ ಚರ್ಚಿನ ಛಾವಣಿಯ ನಡುತೊಲೆಯ ಉದ್ದಕ್ಕೂ ಬೆನ್ನಿಗೆ ಬೆನ್ನು ಕೊಟ್ಟ ಮರದ ದೇವದೂತರು ರೆಕ್ಕೆ ಚಾಚಿಕೊಂಡಿದ್ದಾರೆ; ಹಳೆಯ ಬಣ್ಣ ಇನ್ನೂ ಅಲ್ಲಲ್ಲಿ ಉಳಿದಿದೆ. ನೆಲದ ಮೇಲೆ ಬೆಂಚೊಂದರಲ್ಲಿ ತಲೆಯೆತ್ತಿ ಕುಳಿತು ದುರ್ಬೀನು ಹಿಡಿದರೆ ರೆಕ್ಕೆಗಳಲ್ಲಿ ತೂತುಗಳು ಕಾಣುತ್ತವೆ. ಡೌಸಿಂಗ್‌ನ ಜನ ಗುಂಡು ಹಾರಿಸಿದ ಗುರುತು ಎಂದು ಬಹುಕಾಲ ಹೇಳುತ್ತಿದ್ದರು. 1644ರ ಏಪ್ರಿಲ್‌ನಲ್ಲಿ ಅವನು ಇಲ್ಲಿಗೆ ಬಂದು 20 ದೇವದೂತರನ್ನು ಇಳಿಸಲು ಹೇಳಿದ್ದೂ ನಿಜವೇ. ಆದರೆ 1970ರ ದಶಕದ ದುರಸ್ತಿಯಲ್ಲಿ ಸಿಕ್ಕ ಸೀಸದ ಚೂರುಗಳು 18ನೇ ಶತಮಾನದ್ದೆಂದು ಕಂಡುಬಂತು, ಮತ್ತು ಆ ಶತಮಾನದ ಲೆಕ್ಕಪುಸ್ತಕದಲ್ಲಿ ಚರ್ಚಿನೊಳಗೆ ಸೇರಿಕೊಂಡ ಜ್ಯಾಕ್‌ಡಾ ಕಾಗೆಗಳನ್ನು ಹೊಡೆಯಲು ಮದ್ದುಗುಂಡಿಗೆ ಹಣ ಕೊಟ್ಟದ್ದು ದಾಖಲಾಗಿದೆ. ಹಾಗೆಯೇ ಉತ್ತರದ ಬಾಗಿಲಿನ ಮೇಲೆ ಕರಕಲು ಗೆರೆಗಳಿವೆ. 1577ರ ಆಗಸ್ಟ್ 4ರ ಭಾನುವಾರ ಸಿಡಿಲಿನ ಆರ್ಭಟದಲ್ಲಿ ಶಿಖರ ಕುಸಿದು ಬಿದ್ದಾಗ ಬ್ಲ್ಯಾಕ್ ಶಕ್ ಎಂಬ ಭೂತನಾಯಿ ಒಳನುಗ್ಗಿ ಓಡಿಹೋಗುವಾಗ ಉಗುರಿನಿಂದ ಕೆರೆದದ್ದು ಅದು ಎಂಬುದು ಐತಿಹ್ಯ. ಕಥೆಯನ್ನು ಕೇಳಿ ಸಂತೋಷಪಡಿರಿ, ಲೆಕ್ಕಪುಸ್ತಕವನ್ನು ನಂಬಿರಿ.

ಇನ್ನು ಟಾರ್ಚಿನ ಮಾತು. ಅದನ್ನು ಗೋಡೆಗೆ ಎದುರಾಗಿ ಹಿಡಿಯದೆ, ಕಂಬದ ಮೈಗೆ ತಾಗುವಷ್ಟು ಪಕ್ಕದಲ್ಲಿ, ಬೆಳಕು ಓರೆಯಾಗಿ ಸವರಿಕೊಂಡು ಹೋಗುವಂತೆ ಹಿಡಿಯಬೇಕು. ಆಗ ನುಣುಪೆಂದುಕೊಂಡಿದ್ದ ಕಲ್ಲಿನಲ್ಲಿ ಗೀಚುಗಳು ಏಳುತ್ತವೆ: ಕೈವಾರದಿಂದ ಕೊರೆದ ಆರೆಸಳಿನ ಹೂವು, ಹಡಗು, ಹೆಸರಿನ ಮೊದಲಕ್ಷರ. ಸುಣ್ಣದ ಮೇಲಿನ ಬರಹಗಳೂ ಗಮನಾರ್ಹ. ಲಾಂಗ್ ಮೆಲ್ಫರ್ಡ್‌ನ ಪೂರ್ವಕ್ಕೆ 1496ರಲ್ಲಿ ಕಟ್ಟಿದ ಮೇರಿಯ ಮಂದಿರವನ್ನು ಮುಂದೆ ಶಾಲೆಯಾಗಿ ಬಳಸಿದರು. ಮಕ್ಕಳಿಗಾಗಿ ಬರೆದ ಮಗ್ಗಿಯ ಕೋಷ್ಟಕ ಅದರ ಗೋಡೆಯ ಮೇಲೆ ಇಂದಿಗೂ ಇದೆ. ಮೆಲ್ಫರ್ಡ್‌ನ ಬಣ್ಣದ ಗಾಜುಗಳನ್ನು ಹೊಗಳುವವರು ಸಾಕಷ್ಟಿದ್ದಾರೆ, ಅವು ಹೊಗಳಿಕೆಗೆ ತಕ್ಕವೇ. ನನಗೆ ಮಾತ್ರ ಮೊದಲು ನೆನಪಾಗುವುದು ಆ ಮಗ್ಗಿ.

ಬೀದಿ

ಚರ್ಚಿನಿಂದ ಬೀದಿಗೆ ಇಳಿಯುವಾಗ ಅದೇ ಪ್ರಶ್ನೆಯನ್ನು ಜೊತೆಯಲ್ಲಿ ತನ್ನಿರಿ. ಲ್ಯಾವೆನಂನ ಮನೆಗಳು ಓಕ್ ಮರದ ಚೌಕಟ್ಟಿನವು. ನೆಲದ ಮೇಲೆ ಕೂಡಿಸಿ, ಕೀಲುಗಳಿಗೆ ಮರದ ಗೂಟ ಹೊಡೆದು ನಿಲ್ಲಿಸಿದ ಕಂಬ ತೊಲೆಗಳ ನಡುವೆ ತಡಿಕೆ ಹೆಣೆದು ಮಣ್ಣು ಮೆತ್ತುತ್ತಿದ್ದರು. ಕಂಬಗಳ ನಡುವಿನ ಅಂತರವನ್ನು ಮೊದಲು ಗಮನಿಸಬೇಕು. ಗೋಡೆ ನಿಲ್ಲಲು ಅಷ್ಟು ಮರ ಬೇಕಿಲ್ಲದಿದ್ದರೂ ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದ್ದರೆ, ಮಾಲೀಕ ತನ್ನ ಹಣವನ್ನು ಬೀದಿಗೆ ತೋರಿಸುತ್ತಿದ್ದಾನೆ ಎಂದರ್ಥ. ಮೇಲಂತಸ್ತು ಕೆಳಗಿನದಕ್ಕಿಂತ ಮುಂದಕ್ಕೆ ಚಾಚಿದ್ದರೆ ಅದೂ ಅಂತಸ್ತಿನ ಪ್ರದರ್ಶನವೇ. ಮೂಲೆಮನೆಯಲ್ಲಿ ಎರಡು ಬದಿಗೂ ಚಾಚಿದ್ದರೆ ಮೂಲೆಯ ಕಂಬವನ್ನು ನೋಡಿರಿ. ಭಾರವೆಲ್ಲ ಅದರ ಮೇಲಿರುವುದರಿಂದ ಅದು ದಪ್ಪನಾಗಿರುತ್ತದೆ, ಕೆತ್ತನೆಯೂ ಹೆಚ್ಚಾಗಿ ಅಲ್ಲಿಯೇ ಇರುತ್ತದೆ. ಮಾರುಕಟ್ಟೆ ಚೌಕದಲ್ಲಿರುವ ಗಿಲ್ಡ್‌ಹಾಲ್ ಇದಕ್ಕೆ ಒಳ್ಳೆಯ ಮಾದರಿ. ಕಾರ್ಪಸ್ ಕ್ರಿಸ್ಟಿ ಎಂಬ ಸಂಘ ಅದನ್ನು ಕಟ್ಟಿಸಿದ್ದು 1529ರ ಸುಮಾರಿಗೆ. ಅಂತಹ ಸಂಘಗಳನ್ನು 1547ರಲ್ಲಿ ರದ್ದುಮಾಡಿದ್ದರಿಂದ ಅದು ಸಂಘದ ಕೈಯಲ್ಲಿದ್ದದ್ದು ಇಪ್ಪತ್ತು ವರ್ಷವೂ ಇಲ್ಲ. ಆಮೇಲೆ ಸೆರೆಮನೆಯಾಗಿ, ಬಡವರನ್ನು ಇಟ್ಟು ದುಡಿಸುವ ಮನೆಯಾಗಿ ಬಳಕೆಯಾಗಿ, ಈಗ ನ್ಯಾಷನಲ್ ಟ್ರಸ್ಟ್ ವಶದಲ್ಲಿದೆ.

ಹೆಚ್ಚು ಮೋಸಹೋಗುವುದು ಮುಖಭಾಗಗಳಲ್ಲಿ. ಇಟ್ಟಿಗೆಯ ಗೋಡೆ, ಸಾಲಾಗಿ ಜೋಡಿಸಿದ ಎತ್ತರದ ಕಿಟಕಿ, ನಡುವೆ ಬಾಗಿಲು ಕಂಡರೆ 18ನೇ ಶತಮಾನದ ಮನೆ ಎಂದು ಬರೆದುಕೊಂಡು ಮುಂದೆ ಹೋಗಬೇಡಿ. ಪಕ್ಕದ ಓಣಿಗೆ ಎರಡು ಹೆಜ್ಜೆ ಇಟ್ಟು ಮನೆಯ ಬದಿಯನ್ನೂ ಛಾವಣಿಯ ಇಳಿಜಾರನ್ನೂ ನೋಡಿರಿ. ಕಡಿದಾದ ಛಾವಣಿ, ವಕ್ರವಾದ ಓಕ್ ತೊಲೆ ಕಂಡರೆ, 15ನೇ ಶತಮಾನದ ಮನೆಗೆ ಮುನ್ನೂರು ವರ್ಷದ ಬಳಿಕ ಇಟ್ಟಿಗೆಯ ಮುಖವಾಡ ತೊಡಿಸಿದ್ದಾರೆ ಎಂದು ತಿಳಿಯಬೇಕು. ಇಟ್ಟಿಗೆಗೆ ಹಣ ಸಾಲದವರು ಮರದ ಮೇಲೆ ಗಿಲಾವು ಬಳಿಸಿದರು; ಅದು ಹಸಿಯಿರುವಾಗಲೇ ಬಳ್ಳಿ, ಹೂವು, ಚೌಕಗಳನ್ನು ಮೂಡಿಸುವ ಪಾರ್ಜೆಟಿಂಗ್ ಎಂಬ ಕಲೆಯನ್ನು ಕ್ಲೇರ್ ಊರಿನ ಏನ್‌ಶೆಂಟ್ ಹೌಸ್‌ನಲ್ಲಿ ನೋಡಬಹುದು. ಗುಲಾಬಿ ಬಣ್ಣದ ಗೋಡೆಗಳಿಗೆ ಹಿಂದೆ ಎತ್ತಿನ ರಕ್ತ ಬೆರೆಸುತ್ತಿದ್ದರು ಎಂಬ ಮಾತನ್ನು ಪ್ರತಿ ಊರಿನಲ್ಲಿಯೂ ಹೇಳುತ್ತಾರೆ, ಅದಕ್ಕೆ ಹೆಚ್ಚು ಬೆಲೆ ಕೊಡಬೇಕಿಲ್ಲ. ಕಪ್ಪು ಬಳಿದ ಮರ, ಅಚ್ಚ ಬಿಳಿಯ ಗೋಡೆ ಎಂಬ ಜೋಡಿಯೂ ಇಲ್ಲಿಯ ಹಳೆಯ ಪದ್ಧತಿಯಲ್ಲ. ಬಣ್ಣವಿಲ್ಲದೆ ಬೆಳ್ಳಿಬೂದಿಯ ಛಾಯೆಗೆ ತಿರುಗಿದ ಓಕ್ ಮರವೇ ಈ ಸೀಮೆಯ ನಿಜವಾದ ಮುಖ.

ಕಂಬದ ಮೇಲೆ ಖಾಲಿ ಕುಳಿಗಳೂ ಗೂಟದ ತೂತುಗಳೂ ಇದ್ದರೆ ಅಲ್ಲಿ ಹಿಂದೆ ಕಿಟಕಿಯೋ ಗೋಡೆಯೋ ಇತ್ತು. ಬಡಗಿಗಳು ಕೀಲುಗಳನ್ನು ಹೊಂದಿಸಲು ಉಳಿಯಿಂದ ಕೊರೆದ ರೋಮನ್ ಅಂಕಿಗಳನ್ನೂ ಹುಡುಕಬಹುದು. ಆದರೆ ಇವು ಜನ ವಾಸವಾಗಿರುವ ಮನೆಗಳು, ಕಿಟಕಿಗಳು ನೇರವಾಗಿ ಕಾಲುದಾರಿಗೇ ತೆರೆದುಕೊಂಡಿವೆ. ಗಾಜಿಗೆ ಮುಖ ಹಚ್ಚಿ ಒಳಗೆ ಇಣುಕುವುದು ಸಭ್ಯತೆಯಲ್ಲ. ಒಳಗಿನ ರಚನೆ ನೋಡಬೇಕೆಂದರೆ ಮಾರುಕಟ್ಟೆ ಚೌಕದಲ್ಲಿಯೇ 14ನೇ ಶತಮಾನದ ಕೊನೆಯಲ್ಲಿ ಕಟ್ಟಲಾರಂಭಿಸಿದ ಲಿಟ್ಲ್ ಹಾಲ್ ಎಂಬ ಮನೆಯಿದೆ, ಅದು ಸಂದರ್ಶಕರಿಗೆ ತೆರೆದಿರುತ್ತದೆ.

ದಿನದ ಕೊನೆಗೆ ಕರ್ಸಿ ಹಳ್ಳಿಯನ್ನು ಇಟ್ಟುಕೊಳ್ಳಿರಿ. ಒಂದು ಬಗೆಯ ಒರಟು ಉಣ್ಣೆಬಟ್ಟೆಗೆ ಕರ್ಸಿ ಎಂಬ ಹೆಸರು ಬಂದದ್ದು ಈ ಊರಿನಿಂದ ಎನ್ನುತ್ತಾರೆ. ಇರುವುದು ಒಂದೇ ಮುಖ್ಯ ಬೀದಿ. ಅದು ಇಳಿದು, ತಳದಲ್ಲಿ ಹರಿಯುವ ತೊರೆಯನ್ನು ಸೇತುವೆಯಿಲ್ಲದೆ ದಾಟಿ, ಎದುರಿನ ಗುಡ್ಡವನ್ನು ಏರುತ್ತದೆ. ನಡೆಯುವವರಿಗೆ ಪಕ್ಕದಲ್ಲಿ ಸಣ್ಣ ಕಾಲುಸೇತುವೆಯಿದೆ. ಮಳೆಯ ನಂತರ ಕಾರನ್ನು ನೀರಿಗೆ ಇಳಿಸುವ ಮುನ್ನ ಇಳಿದು ನೋಡುವುದು ಲೇಸು. ಗುಡ್ಡದ ಮೇಲಿನ ಸಂತ ಮೇರಿ ಚರ್ಚಿನ ಅಂಗಳದಲ್ಲಿ ನಿಂತು ಕೆಳಗೆ ನೋಡಿದರೆ ಇಡೀ ಊರು, ಹೆಂಚು, ಹೊಗೆಗೂಡು, ತೊರೆ ಎಲ್ಲವೂ ಒಂದೇ ನೋಟದಲ್ಲಿ ಸಿಗುತ್ತದೆ. ಬೀದಿಯನ್ನೂ ಗೋಪುರವನ್ನೂ ಕಟ್ಟಿದ ಹಣ ಎಲ್ಲಿಂದ ಹೊರಟು ಎಲ್ಲಿಗೆ ಏರಿತು ಎಂಬುದನ್ನು ಇಲ್ಲಿ ಕಾಲಿನಿಂದಲೇ ಅಳೆಯಬಹುದು.

ಹೊರಡುವ ಮೊದಲು ಚರ್ಚಿನ ಹುಂಡಿಗೆ ನಾಲ್ಕೈದು ಪೌಂಡು ಹಾಕಿರಿ. ಛಾವಣಿಯ ಸೀಸ, ಗೋಡೆಯ ಗಾರೆ ಇವುಗಳ ದುರಸ್ತಿಯ ಖರ್ಚು ಈಗಲೂ ಆ ಊರಿನ ಬೆರಳೆಣಿಕೆಯ ಜನರ ಮೇಲೆಯೇ ಬೀಳುತ್ತದೆ. ಸಂದರ್ಶಕರ ಪುಸ್ತಕದಲ್ಲಿ ಹೆಸರು, ಊರು, ದಿನಾಂಕ ಬರೆಯಿರಿ, ನೆರವಿನ ಅರ್ಜಿ ಹಾಕುವಾಗ ಎಷ್ಟು ಜನ ಬಂದಿದ್ದರು ಎಂಬ ಲೆಕ್ಕ ಅವರಿಗೆ ಬೇಕಾಗುತ್ತದೆ. ಹಚ್ಚಿದ ದೀಪ ಆರಿಸಿರಿ. ಪ್ರವೇಶಮಂಟಪದಲ್ಲಿ ತಂತಿಜಾಲದ ಬಾಗಿಲಿದ್ದರೆ ಅಗುಳಿ ಕೂತಿದೆಯೇ ಎಂದು ಎಳೆದು ನೋಡಿರಿ. ಒಳಗೆ ಸೇರಿದ ಕವಲುಬಾಲದ ಹಕ್ಕಿ ಎತ್ತರದ ಕಿಟಕಿಗಳತ್ತಲೇ ಹಾರುತ್ತದೆ, ತೆರೆದ ಬಾಗಿಲು ಅದರ ಕಣ್ಣಿಗೆ ಬೀಳುವುದಿಲ್ಲ.